ಯಾವ ದೇಶದ ‘ನೇ’?

ಇವತ್ತು ಮಾಡಿದ್ದು: ತಿಂಡಿಗೆ ಉಪ್ಪಿಟ್ಟು ಕೆದಕಿದೆ, ಪ್ಲಾಸ್ಟಿಕ್ ಕಸ ಕೆಳಗಿಟ್ಟುಬಂದೆ, ಹಾಸಿಗೆಗಳನ್ನು ಬಾಲ್ಕನಿಯ ಬಿಸಿಲಿಗೆ ಹಾಕಿದೆ, ಮಗಳ ಕೋಟಿಗೆ ಗುಂಡಿ ಹೊಲಿದೆ, ಚಪ್ಪಲಿ ಅಜ್ಜನ ನಲವತ್ತೊಂಬತ್ತನೇ ದಿನಕ್ಕೆ ಹೋಗಿಬಂದೆ. ನಮ್ಮಲ್ಲಿ ವೈಕುಂಠ ಸಮಾರಾಧನೆ ಹೇಗೋ ಇಲ್ಲಿ ಜಪಾನಿನಲ್ಲಿ ಅದು ಹಾಗೆ.

ಅಜ್ಜನ ಬಲಗೈ ಹೆಬ್ಬೆರಳು ಚಪ್ಪಟೆ. ಉಗುರಿನ ಸುತ್ತ ಅಂಟು ಕೂತು ಕಪ್ಪಾಗಿತ್ತು. ಇಚಿಕಾವಾದ ನಮ್ಮ ರೈಲು ನಿಲ್ದಾಣದ ಕೆಳಗೆ, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಪಕ್ಕ, ಬಚ್ಚಲುಮನೆಯಷ್ಟು ಜಾಗದಲ್ಲಿ ಕೂತು ಚಪ್ಪಲಿ ರಿಪೇರಿ ಮಾಡುತ್ತಿದ್ದರು. ಅದಕ್ಕೂ ಮುಂಚೆ ಸರಕು ಹಡಗಿನಲ್ಲಿ ಅಡುಗೆಯವರಾಗಿದ್ದರಂತೆ. ಬಂದರು ಬಂದರಿನಿಂದ ಅವರು ಕೂಡಿಟ್ಟುಕೊಂಡು ಬಂದದ್ದು ಪದಗಳನ್ನು, ಅದರಲ್ಲೂ ಪುಟ್ಟ ಪದಗಳನ್ನು.

“ದೊಡ್ಡ ಪದ ಮೋಸ ಮಾಡಲ್ಲ, ಓಕುಸಾನ್. ಚಿಕ್ಕದೇ ಕಳ್ಳ,” ಎನ್ನುತ್ತಿದ್ದರು. ಓಕುಸಾನ್ ಎಂದರೆ ನಮ್ಮ ‘ಅಮ್ಮಾವ್ರೇ’ ಇದ್ದಹಾಗೆ.

ಜಪಾನಿ ಮಾತಿನ ಬಾಲಕ್ಕೆ ಒಂದು ‘ನೇ’ ಇರುತ್ತದೆ, ನಮ್ಮ ‘ಅಲ್ವಾ’ ಥರ. ನನ್ನ ಹರಕು ಜಪಾನಿಗೆ ಅದೇ ತೇಪೆ. ಒಮ್ಮೆ ಮಗಳು ಅಜ್ಜನ ಎದುರೇ ರೇಗಿಸಿದಳು: “ಅಮ್ಮಾ, ಟೆನ್ ಟೈಮ್ಸ್ ನೇ ಅಂದೆ ನೀನು. ಸೋ ಎಂಬ್ಯಾರಸಿಂಗ್!”

‘ನೇ’ ಕಿವಿಗೆ ಬಿದ್ದದ್ದೇ ಅಜ್ಜ ಸುತ್ತಿಗೆ ಕೆಳಗಿಟ್ಟರು. “ಪೋರ್ಚುಗಲ್ಲಿನವರೂ ನೇ ಅಂತಾರೆ, ಅದೂ ‘ಅಲ್ವಾ’ನೇ. ಯುಗೊಸ್ಲಾವಿಯಾ ಅಂತಿತ್ತಲ್ಲ, ಅಲ್ಲಿ ನೇ ಅಂದ್ರೆ ಇಲ್ಲ. ಗ್ರೀಸಲ್ಲಿ ಹೌದು. ಅಲ್ಲೇ ನಾನು ಕೆಟ್ಟಿದ್ದು.”

ಯುಗೊಸ್ಲಾವಿಯಾದ ಬಂದರುಗಳಲ್ಲಿ ಆರು ತಿಂಗಳು ಕಳೆದು ಗ್ರೀಸಿಗೆ ಬಂದಿದ್ದರು. ಬ್ರೆಡ್ಡಂಗಡಿಯ ಹುಡುಗಿಯನ್ನು ಸನ್ನೆಯಲ್ಲೇ ಕೇಳಿದರು, ಕಾಯ್ತೀಯಾ ಅಂತ. ಅವಳು ‘ನೇ’ ಎಂದಳು. ಇವರು ಟೋಪಿ ಸರಿಮಾಡಿಕೊಂಡು ಹಡಗು ಹತ್ತಿಬಿಟ್ಟರು. ಅರ್ಥ ಗೊತ್ತಾಗುವ ಹೊತ್ತಿಗೆ ಮದುವೆಯಾಗಿ, ಮಗಳು ಶಾಲೆಗೆ ಹೋಗುತ್ತಿದ್ದಳು.

“ಹೆಂಡ್ತಿಗೆ ಹೇಳಿದ್ರಾ?”

“ಹೇಳ್ದೆ. ಗ್ರೀಕರಿಗೆ ಒಂದು ನಮಸ್ಕಾರ ಅಂದ್ಲು.”

ನಮ್ಮ ಕನ್ನಡದ್ದು ಹಿಂದಿನ ಪದಕ್ಕೆ ಅಂಟಿಕೊಳ್ಳುತ್ತದೆ, ನಾನೇ, ನೀನೇ ಅನ್ನೋ ಹಾಗೆ ಎಂದೆ. “ಅಂಟಾ? ಹಾಗಾದ್ರೆ ನಮ್ಮ ಕಸುಬಿಂದು,” ಎಂದು ಶೂ ಡಬ್ಬಿಯ ಮುಚ್ಚಳದ ಮೇಲೆ ಬರೆದುಕೊಂಡರು.

ಎರಡು ವರ್ಷದ ಹಿಂದಿನ ಚಳಿಗಾಲ. ಅಷ್ಟರಲ್ಲಿ ಹೆಂಡತಿ ತೀರಿಕೊಂಡಿದ್ದರು. ಹಿರೋಷಿಮಾದಲ್ಲಿದ್ದ ಅವರ ಮಗಳು ಫೋನು ಮಾಡಿ, ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದುಬಿಡಿ ಎಂದಳು. ನಾನು ಶೂಗೆ ಹೊಸ ಹಿಮ್ಮಡಿ ಹಾಕಿಸಿಕೊಳ್ಳುತ್ತ ಅಲ್ಲೇ ಕೂತಿದ್ದೆ. ಅಜ್ಜ ಎಲ್ಲಕ್ಕೂ “ಸೋ ದಾ ನೇ” ಎಂದರು. ಹೌದು ಎಂದೂ ಆಗುತ್ತದೆ, ನೋಡೋಣ ಎಂದೂ ಆಗುತ್ತದೆ. ಮಗಳು ಹೌದೆಂದೇ ತಿಳಿದು ಸಾಮಾನು ಸಾಗಿಸುವವರನ್ನು ಗೊತ್ತುಮಾಡಿದಳು. ಮುಂದಿನ ವಾರ ಹೋದಾಗ ಅಜ್ಜ ಉಳಿ, ಅರಗಳನ್ನು ರಟ್ಟಿನ ಪೆಟ್ಟಿಗೆಗೆ ಹಾಕುವುದು, ಮತ್ತೆ ತೆಗೆಯುವುದು ಮಾಡುತ್ತಿದ್ದರು.

“ಹೋಗೋಕೆ ಇಷ್ಟ ಇದ್ಯಾ?”

“ಇಲ್ಲ. ಕೈ ಸುಮ್ನೆ ಕೂತ್ರೆ ನಾನು ಉಳಿಯಲ್ಲ.”

“ಮತ್ತೆ ಮಗಳಿಗೆ ನೇ ಅಂದ್ರಲ್ಲ, ಅದು ಯಾವ ದೇಶದ್ದು?”

ಅವರು ಮುಖ ನೋಡಿದರು. ಆಮೇಲೆ ಕೆಮ್ಮು ಬರುವಷ್ಟು ನಕ್ಕರು. ಫೋನು ತೆಗೆದು, ಯಾವ ಬಾಲವೂ ಇಲ್ಲದೆ “ನಾನು ಬರಲ್ಲ” ಎಂದರು. ಮಾತು ಹಿಂತೆಗೆದುಕೊಳ್ಳಲಿಲ್ಲ, ಉಳಿಗಳನ್ನು ಪೆಟ್ಟಿಗೆಯಿಂದ ಮತ್ತೆ ತೆಗೆದಿಟ್ಟರು. ತೀರಿಕೊಳ್ಳುವ ಹಿಂದಿನ ವಾರದವರೆಗೂ ಅಂಗಡಿ ತೆರೆದರು.

ಇವತ್ತು ಆ ಮಗಳು ನನ್ನನ್ನು ಪಕ್ಕಕ್ಕೆ ಕರೆದಳು. “ಅಪ್ಪ ಇಲ್ಲಿ ಒಂಟಿಯಾಗಿದ್ರಾ?”

ನಾಲಿಗೆ ತುದಿಗೆ ಅಜ್ಜನ ಅದೇ ಮಾತು, ಮರ್ಯಾದೆಯ ‘ಸೋ ದೆಸು ನೇ’ ಆಗಿ ಬಂದಿತ್ತು. ನುಂಗಿಕೊಂಡೆ.

“ಒಂದೊಂದು ದಿನ ಇದ್ರು,” ಎಂದೆ. “ಆದ್ರೂ ಇಲ್ಲೇ ಇರ್ಬೇಕು ಅಂತಿದ್ರು.”

ಅವಳು ಸೊಂಟದವರೆಗೆ ಬಗ್ಗಿದಳು. ಏಳುವುದಕ್ಕೆ ತಡವಾಯಿತು. ನಾನು ಬೆನ್ನು ಸವರಿದೆ. ಇಲ್ಲಿ ಹಾಗೆಲ್ಲ ಮುಟ್ಟುವುದಿಲ್ಲ, ಗೊತ್ತು.

ಮನೆಗೆ ಬಂದು ಅನ್ನ, ಮೂಲಂಗಿ ಹುಳಿ, ಸುಟ್ಟ ಹಪ್ಪಳ ಉಂಡೆವು. ಮೊದಲು ಮಲಗಿದವಳು ನನ್ನ ಮಗಳು. ನಮ್ಮ ಮನೆಯವರು ಪೇಪರು ಮುಖದ ಮೇಲೆ ಹಾಕಿಕೊಂಡು ಆಮೇಲೆ.