ಒಂದೇ ಭೇಟಿಯಲ್ಲಿ ಏನೂ ಹೇಳದ ಡಾಕ್ಟರು

ಆರೋಪಿಯ ತಲೆ ನೆಟ್ಟಗಿದೆಯೇ ಎಂದು ಕೋರ್ಟಿಗೆ ಹೇಳುವ ಮನೋವೈದ್ಯರಿಗೂ ಒಂದು ಸಂಘವಿದೆ. ವೈಟ್‌ಫೀಲ್ಡಿನ ಅದರ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಕಾರ್ಯದರ್ಶಿ ಡಾಕ್ಟರು ಏನು ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ಒಂದೇ ಭೇಟೀಲಿ ಏನೂ ಹೇಳಕ್ಕಾಗಲ್ಲ ಕಣಪ್ಪ" ಎನ್ನುತ್ತಿದ್ದರು. ಹೊಸ ಕ್ಯಾಂಟೀನಿನ ಇಡ್ಲಿಗೂ ಅದೇ ತೀರ್ಪು. ಮರುದಿನ ಮತ್ತೆ ತಿಂದು ನೋಡುತ್ತಿದ್ದರು.

ಒಮ್ಮೆ ಹೋಟೆಲೊಂದರಲ್ಲಿ ವಾರ್ಷಿಕ ಸಭೆ. ಅವಧಿ ಮುಗಿದ ಅಧ್ಯಕ್ಷರು ಮೈಕನ್ನು ಅಪ್ಪಿಕೊಂಡು, ಕುರ್ಚಿ ಬಿಡುವುದಿಲ್ಲವೆಂದು ಕೂತುಬಿಟ್ಟರು. ಹಾಲ್ ತುಂಬ ಇದ್ದ ಮನೋವೈದ್ಯರೆಲ್ಲ ಪಕ್ಕದವರ ಮುಖ ನೋಡಿದರು. ಹೋಟೆಲಿನ ಮ್ಯಾನೇಜರ್ ಬಂದು ನಮ್ಮ ಡಾಕ್ಟರನ್ನು ಮೆಲ್ಲಗೆ ಕೇಳಿದ: "ಸಾರ್, ಹಾಲ್ ಖಾಲಿ ಮಾಡ್ಬೇಕು. ಅವ್ರಿಗೆ ತಲೆ ಸರಿ ಇದೆಯಾ?"

ಕನ್ನಡಕ ಹಣೆಗೇರಿತು. "ಒಂದೇ ಭೇಟೀಲಿ ಏನೂ ಹೇಳಕ್ಕಾಗಲ್ಲ ಕಣಪ್ಪ."

"ಅವ್ರು ನಿಮಗೆ ಗೊತ್ತಿಲ್ವಾ ಸಾರ್?"

"ನಮ್ಮ ಸ್ವಂತ ಅಣ್ಣ ಕಣಪ್ಪ. ಇನ್ನೂ ನೋಡ್ತಾ ಇದೀನಿ."