ಮಂದಿ ಇಲ್ಲದ ದಡ

ನೆನಪನ್ನು ನಾನು ನಂಬುವುದಿಲ್ಲ. ಅದು ಎಲ್ಲವನ್ನೂ ಒಪ್ಪ ಮಾಡಿಬಿಡುತ್ತದೆ. ಅದಕ್ಕೇ ಅಂಡಮಾನಿನ ಬಡಗಣ ತುದಿಯ ದ್ವೀಪದಲ್ಲಿ ಸೀಳುಬಂಡೆ, ಕಡಿದಾದ ದಡ, ಬುಡಮೇಲಾಗಿ ಅಲೆಗೆ ಬಿದ್ದ ಮರಗಳಿಗೆಂದೇ ಕ್ಯಾಮೆರಾದ ಒಂದು ರೀಲು ಮುಗಿಸಿದ್ದೆ. ಹಿಂದಿರುಗುವಾಗ ಹೈದರಾಬಾದಿನಲ್ಲಿಳಿದು ಬೆಳಿಗ್ಗೆಯೇ ಅದನ್ನು ಬೇಗಂಪೇಟೆಯ ಫೋಟೋ ಸ್ಟುಡಿಯೋಗೆ ಕೊಟ್ಟೆ. ಚಿತ್ರಗಳು ನಾಳೆ ಬೆಂಗಳೂರಿನ ಪತ್ರಿಕೆಯ ಕಚೇರಿಯಲ್ಲಿರಬೇಕು. ಸಂಜೆ ಲಕೋಟೆಯಲ್ಲಿದ್ದದ್ದು ಆರೇ ಫೋಟೋ. ಐದರಲ್ಲಿ ನನ್ನನ್ನು ದ್ವೀಪಕ್ಕೆ ಕರೆದೊಯ್ದ ದೋಣಿಯವನು ಹಲ್ಲು ಕಿರಿಯುತ್ತಿದ್ದಾನೆ.

“ಉಳಿದವು ಎಲ್ಲಿ?”

ಸ್ಟುಡಿಯೋದವರು ಬೀದರ್ ಕಡೆಯವರು. “ಮಂದಿ ಇಲ್ಲದ ಫೋಟೋ ನಾವು ಪ್ರಿಂಟ್ ಹಾಕಂಗಿಲ್ರಿ. ಬರೇ ಕಲ್ಲು, ನೀರು. ಗಿರಾಕಿ ಬೈತಾರ್ರಿ.”

“ಆ ಕಲ್ಲಿಗಾಗಿಯೇ ಹೋಗಿದ್ದೆ!”

“ಕಲ್ಲ ನೋಡಾಕ ಹಡಗ ಹತ್ತಿದ್ರೇನ್ರಿ? ನಮ್ಮ ಬಂಜಾರಾ ಹಿಲ್ಸ್‌ನಾಗ ಕಮ್ಮಿ ಅದಾವೇನು?”

ಮತ್ತೆ ಹಾಕಿಸಲು ನಾಳೆಯೇ ಆಗಬೇಕು. ನನ್ನ ರೈಲಿಗೆ ಒಂದೇ ತಾಸು. ಆರನೆಯ ಫೋಟೋ ಅವರ ಮುಂದೆ ಹಿಡಿದೆ. ಬರೀ ಬಂಡೆಗಳ ದಡ. “ಮತ್ತೆ ಇದನ್ನೇಕೆ ಹಾಕಿದಿರಿ?”

“ತುದೀಗೆ ಯಾರೋ ಕುಂತಾರಲ್ರಿ.”

“ಅದು ಕಲ್ಲು! ಅಲ್ಲಿ ನರಪಿಳ್ಳೆಯೂ ಇರಲಿಲ್ಲ. ನಾನೇ ನಿಂತು ನೋಡಿದ್ದೇನೆ.”

ಅವರು ಭೂತಗನ್ನಡಿ ಮುಂದೆ ಸರಿಸಿದರು. ಸಿಟ್ಟಿನಲ್ಲೇ ಬಗ್ಗಿದೆ. ಕಲ್ಲಿಗೆ ಎರಡು ಮೊಣಕಾಲಿದ್ದವು. ಹೆಗಲ ಮೇಲೊಂದು ಟವೆಲ್.