ನೆಗೆಣ್ಣಿಗೆ ಸಿಕ್ಕ ಕಿಟಕಿ

ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಕೆಟ್ಟವಳೇನಲ್ಲ. ತೊಂದರೆ ಇರುವುದೇ ಅಲ್ಲಿ. ಕೆಟ್ಟವಳಾಗಿದ್ದರೆ ನಾಲ್ಕು ಮಂದಿಯ ಮುಂದೆ ಬೈದು ಹಗುರಾಗಬಹುದಿತ್ತು. ಆಕೆ ನಗುನಗುತ್ತಲೇ ಇರುತ್ತಿದ್ದಳು, ಎಲ್ಲವೂ ಆಕೆಗೇ ಮೊದಲು ಸಿಗುತ್ತಿತ್ತು, ನಾನು ಒಳಗೊಳಗೇ ಉರಿಯುತ್ತಿದ್ದೆ.

ನಾನು ಸಂಡೂರು ಕಡೆಯವಳು. ಅಪ್ಪ ಯಶವಂತನಗರದಲ್ಲಿ ಗಣಿ ಕೆಲಸಕ್ಕಿದ್ದ. ನಮ್ಮ ಒಗೆದ ಬಟ್ಟೆಯೂ ಕೆಂಪಗೇ ಇರುತ್ತಿತ್ತು. ಕಂಪ್ಲಿಯ ಹತ್ತಿರ ಕಾಲುವೆ ನೀರಿನ ಮನೆಗೆ ಸೊಸೆಯಾಗಿ ಬಂದಾಗ ನನ್ನ ಅದೃಷ್ಟ ತೆರೆಯಿತೆಂದು ಎಲ್ಲರೂ ಅಂದರು. ಬಂದ ಕೆಲವೇ ವರ್ಷಕ್ಕೆ ಅಣ್ಣತಮ್ಮಂದಿರು ಬೇರೆಯಾದರು. ತೂಬಿನ ಬುಡದ ಗದ್ದೆ ಅಣ್ಣನಿಗೆ, ಅದರ ಕೆಳಗಿನದು ನಮಗೆ ಬಂತು. ನೀರು ಮೊದಲು ಅವರ ಗದ್ದೆ ತುಂಬಬೇಕು, ಆಮೇಲೆ ನಮ್ಮಲ್ಲಿಗೆ ಇಳಿಯಬೇಕು. ಅವರ ನಾಟಿ ಮುಗಿದ ಮೇಲೆ ನಮ್ಮ ನಾಟಿ. ಅವರ ಮನೆಗೆ ಫ್ರಿಜ್ಜು ಬಂದು, ಅದರ ತಣ್ಣನೆಯ ನೀರನ್ನು ನಾನು ಕುಡಿದು, ಚೆನ್ನಾಗಿದೆ ಎಂದು ಹೊಗಳಿ ಬಂದ ಮೇಲೆ ನಮ್ಮ ಮನೆಯಲ್ಲಿ ಫ್ರಿಜ್ಜಿನ ಮಾತು ಶುರುವಾಗಬೇಕು.

ತೊಂಬತ್ತರ ದಶಕದಲ್ಲಿ ಒಂದು ವರ್ಷ ಬತ್ತಕ್ಕೂ ಬಾಳೆಗೂ ಒಳ್ಳೆಯ ಧಾರಣೆ ಸಿಕ್ಕಿತು. ಹೊಸಪೇಟೆಯ ಟ್ರಾವೆಲ್ಸಿನವರೊಬ್ಬರು ನಮ್ಮ ಕಡೆಯ ರೈತರ ಗುಂಪು ಕಟ್ಟಿಕೊಂಡು ಲಂಡನ್, ಪ್ಯಾರಿಸ್ ತೋರಿಸಿ ಕರೆತರುತ್ತೇವೆ ಎಂದರು. ಭಾವ ಹೆಸರು ಕೊಟ್ಟ ದಿನವೇ ನಾನು ಮುಖ ಊದಿಸಿಕೊಂಡು ಕೂತೆ.

"ಈಗ ಯಾಕ ಬೇಕು ಅದೆಲ್ಲ? ಅವ್ರು ಹೋಗಿ ಬರ್ಲಿ, ಮುಂದಿನ ವರ್ಷ ನೋಡೋಣು" ಅಂದರು ನನ್ನ ಗಂಡ.

"ಅವ್ರದು ಮುಗುದ ಮ್ಯಾಲೆ ನಮ್ಮದು ಅನ್ನಾಕ ಇದೇನು ಗದ್ದಿ ನೀರೇನ್ರಿ?" ಅಂದೆ. ಮರುದಿನ ಹೋಗಿ ಹೆಸರು ಕೊಟ್ಟು ಬಂದರು.

ನನಗೆ ಲಂಡನ್ ಬೇಕಾಗಿರಲಿಲ್ಲ. ವಿಮಾನದ ಕಿಟಕಿ ಬೇಕಾಗಿತ್ತು. ಅಲ್ಲಿಂದ ನೋಡಿದರೆ ಮೋಡ ಕೆಳಗೆ ಕಾಣುತ್ತದೆ ಎಂದು ಕೇಳಿದ್ದೆ. ಅದನ್ನು ನಮ್ಮ ಮನೆತನದಲ್ಲಿ ಮೊದಲು ನೋಡಿದವಳು ನಾನಾಗಬೇಕು, ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಹೇಳುವವಳು ನಾನಾಗಬೇಕು, ನೆಗೆಣ್ಣಿ ಬಾಯಿ ಮುಚ್ಚಿಕೊಂಡು ಕೇಳಬೇಕು.

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಟವೆಲ್ ಬಿದ್ದರೆ ಸೀಟು ನಮ್ಮದು, ಯಾರೂ ತಕರಾರು ಮಾಡುವುದಿಲ್ಲ. ಬೊಂಬಾಯಿಯಲ್ಲಿ ವಿಮಾನದ ಬಾಗಿಲು ದಾಟಿದ್ದೇ ತಡ, ಕೈಯಲ್ಲಿದ್ದ ಸೀಟು ನಂಬರಿನ ಚೀಟಿಯನ್ನು ಗಂಡನ ಜೇಬಿಗೆ ತುರುಕಿ, ಮಂದಿಯನ್ನು ಸರಿಸಿಕೊಂಡು ನುಗ್ಗಿದೆ. ಒಂದು ಒಳ್ಳೆಯ ಕಿಟಕಿ ನೋಡಿ, ಟವೆಲ್ ಹಾಸಿ, ಮೇಲೆ ಕೂತೇಬಿಟ್ಟೆ.

ಗಗನಸಖಿ ಬಂದು ನಗುತ್ತಾ ಏನೋ ಕೇಳಿದಳು. "ಟವೆಲ್ ಹಾಕೀನಿ" ಎಂದು ತೋರಿಸಿದೆ. ಆಕೆಗೆ ತಿಳಿಯಲಿಲ್ಲ. ಅಷ್ಟರಲ್ಲಿ ನನ್ನ ಗಂಡ ಚೀಟಿ ಹಿಡಿದು ಬಂದರು. ನಮ್ಮ ನಂಬರು ಎಲ್ಲೋ ಹಿಂದೆ, ನಟ್ಟನಡುವಿನ ಸಾಲಿನಲ್ಲಿ. ಆಚೆಗೂ ಕಿಟಕಿ ಇಲ್ಲ, ಈಚೆಗೂ ಇಲ್ಲ. ನಾನು ಕೂತಿದ್ದ ಸೀಟಿನವಳು ಪಕ್ಕದಲ್ಲೇ ನಿಂತಿದ್ದಳು. ನನ್ನ ನೆಗೆಣ್ಣಿ.

"ಇರ್ಲಿ ಬಿಡು ತಂಗಿ, ಗೊತ್ತಾಗಿಲ್ಲ" ಎಂದು ಟವೆಲ್ ಮಡಚಿ ನನ್ನ ಕೈಗೆ ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ವಿಮಾನ ಮೇಲೇಳುವಾಗ ನನ್ನ ಕಣ್ಣೆಲ್ಲ ಸೀಟುಗಳ ಸಂದಿಯಲ್ಲಿ ಕಾಣುವ ಆಕೆಯ ತಲೆಯ ಮೇಲೆ. ಅದು ಕಿಟಕಿಯ ಕಡೆ ತಿರುಗಿದಾಗಲೆಲ್ಲ ಹೊಟ್ಟೆಯೊಳಗೆ ಕೆಂಡ ಬಿದ್ದಂತಾಗುತ್ತಿತ್ತು. ಆಗ ನನ್ನ ಗಂಡ ನನ್ನ ಎಡಗೈ ಹಿಡಿದು ಹಿಂಡಿದರು. ನೋಡಿದರೆ ಮುಖವೆಲ್ಲ ಬೆವರು, ಕಣ್ಣು ಮುಚ್ಚಿದ್ದಾರೆ. ನೀರಿನ ಜಗಳದಲ್ಲಿ ಸನಿಕೆ ಎತ್ತಿ ನಿಲ್ಲುವ ಮನುಷ್ಯ.

"ಕೈ ಬಿಡಬ್ಯಾಡ ಲೇ" ಅಂದರು. "ಅಣ್ಣಗ, ಅತ್ತಿಗಿಗೆ ಗೊತ್ತಾಗೋದು ಬ್ಯಾಡ."

ಊಟದ ಗಾಡಿ ಮುಂದಿನಿಂದ ಹಂಚುತ್ತಾ ಬಂತು. ನಮ್ಮ ಸಾಲಿಗೆ ಬರುವ ಹೊತ್ತಿಗೆ ಸಸ್ಯಾಹಾರ ಮುಗಿದಿತ್ತು. ಆಕಾಶಕ್ಕೆ ಹೋದರೂ ನಾವು ಕೆಳಗಿನ ಗದ್ದೆಯವರೇ. ಸಿಟ್ಟಿನಿಂದ ಬುತ್ತಿ ಬಿಚ್ಚಿದೆ. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಗಂಡನ ಒಂದು ಕೈ ನನ್ನ ಕೈಯನ್ನು ಹಿಡಿದಿತ್ತು, ಇನ್ನೊಂದು ಸೀಟಿನ ಹಿಡಿಕೆಯನ್ನು. ಎರಡನ್ನೂ ಬಿಡುವ ಹಾಗಿರಲಿಲ್ಲ, ಅವರಿಗೆ ಹಸಿವೆಯೂ ಇತ್ತು. ಬಲಗೈಯಿಂದ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ಒಂದೊಂದೇ ತುತ್ತು ಅವರ ಬಾಯಿಗಿಟ್ಟೆ. ಮದುವೆಯ ದಿನ ಬಿಟ್ಟರೆ ಹಾಗೆ ಉಣಿಸಿದ್ದು ಅದೇ ಮೊದಲು. ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು.

ತಲೆ ಎತ್ತಿದರೆ ನಡುವಿನ ದಾರಿಯಲ್ಲಿ ನೆಗೆಣ್ಣಿ ನಿಂತಿದ್ದಾಳೆ. ಎಷ್ಟು ಹೊತ್ತಾಗಿತ್ತೋ. ನನ್ನ ಗಂಡ ನಿದ್ದೆ ಬಂದವರಂತೆ ಕತ್ತು ವಾಲಿಸಿದರು.

"ನಿಮ್ಮ ಭಾವ ಹಿಂದ ಹೋಗಿ ಆ ಗಂಡಸರ ಗುಂಪಿನ್ಯಾಗ ಕುಂತಾರ" ಅಂದಳು. "ನನ್ನ ಬಾಜೂಕ ಹಂಪಿಗೆ ಬರ್ತಾರಲ್ಲ ಬಿಳೇ ಮಂದಿ, ಅಂಥಾವ ಒಬ್ಬ. ಏನಂತ ಮಾತಾಡ್ಲಿ?" ನಮ್ಮ ಹೆಣೆದ ಬೆರಳುಗಳನ್ನೇ ನೋಡುತ್ತಿದ್ದಳು. "ನಿಮ್ಮ ಭಾವ ಇಷ್ಟು ವರ್ಷದಾಗ ಒಂದಿನ ನೀ ಉಂಡಿಯಾ ಅಂತ ಕೇಳಿದ ಮನುಷ್ಯ ಅಲ್ಲ. ನಿನ್ನ ನೋಡಿದ್ರ ಹೊಟ್ಟಿ ಉರೀತೈತಿ ತಂಗಿ. ಸುಳ್ಳು ಯಾಕ ಹೇಳ್ಲಿ."

ಆ ಮಾತು ಕೇಳಿ ನನಗಾದ ಸುಖವನ್ನು ಹೇಗೆ ಹೇಳಲಿ. ಪಾಪ ಅನಿಸಲಿಲ್ಲ. ಇನ್ನೊಮ್ಮೆ ಹೇಳಲಿ ಅನಿಸಿತು.

"ಹೋಗು, ಕಿಟಕಿ ಬಾಜೂಕ ನೀ ಕುಂದ್ರು" ಅಂದಳು. "ಮೋಡ ಎಲ್ಲಾ ಕೆಳಗ ಕಾಣ್ತಾವ. ನಾ ಇಲ್ಲಿ ಮೈದುನನ ಹಂತ್ಯಾಕ ಕುಂದ್ರತೀನಿ."

ಅರ್ಧ ಎದ್ದೆ. ನನ್ನ ಕೈಯ ಮೇಲಿನ ಹಿಡಿತ ಬಿಗಿಯಾಯಿತು. ನಾನು ಎದ್ದು ಹೋದರೆ ಆ ಬೆವರಿನ ಕಾರಣ ಆಕೆಗೆ ಗೊತ್ತಾಗಲು ಅರೆಗಳಿಗೆ ಸಾಕು. ಇದು ಪ್ರೀತಿಯಲ್ಲ, ಬರೀ ಭಯ ಎಂದು ತಿಳಿದ ಕೂಡಲೇ ಆಕೆಯ ಹೊಟ್ಟೆ ತಣ್ಣಗಾಗುತ್ತದೆ. ಅದೊಂದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ.

ಮತ್ತೆ ಕೂತೆ. "ಬ್ಯಾಡಕ್ಕ, ನೀವ ನೋಡ್ರಿ. ಇವ್ರು ನನ್ನ ಬಿಟ್ಟು ಒಂದು ಗಳಿಗಿ ಇರಂಗಿಲ್ಲ" ಅಂದೆ.

ಆಕೆ ಮುಖ ಸಣ್ಣದು ಮಾಡಿಕೊಂಡು ತನ್ನ ಕಿಟಕಿಗೆ ಹೋದಳು. ನಾನು ಇನ್ನೊಂದು ರೊಟ್ಟಿ ತೆಗೆದು, ಆಕೆ ತಿರುಗಿ ನೋಡುವ ತನಕ ಕಾದು, ಗಂಡನ ಬಾಯಿಗೆ ಹಿಡಿದೆ. ಹೊಟ್ಟೆ ತುಂಬಿದೆ ಎಂದರೂ ಬಿಡಲಿಲ್ಲ.